ಮೇಲಿನ ಸಾಲಿನ ಗುಂಡಿಗಳು

ಬುಧವಾರ, ಹನ್ನೊಂದನೇ ತಾರೀಖು
ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಊಟದ ಬಿಡುವು

ಪ್ರೀತಿಯ ಚಿಕ್ಕಮ್ಮನಿಗೆ,

ನಿನಗೂ ಚಿಕ್ಕಪ್ಪನಿಗೂ ನಮಸ್ಕಾರಗಳು. ಚಿಕ್ಕಪ್ಪನ ಸೊಂಟ ಈಗ ಹೇಗಿದೆ? ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೂ ಬೀರು ಸರಿಸಲು ಹೋದರಂತೆ, ಅವರಿಗೆ ಯಾರು ಬುದ್ಧಿ ಹೇಳುವುದು! ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು. ಬರೆದಿದ್ದೇನೆ ಅಂದುಕೋ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯಲೇಬೇಕಾದರೆ ಇದನ್ನು ಪೂರ್ತಿ ಓದಿ ಬೈಯಿ, ಎಲ್ಲಕ್ಕೂ ಸೇರಿಸಿ ಒಂದೇ ಸಲ ಆಗಿಹೋಗುತ್ತದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು ಎನ್ನಬಹುದಿತ್ತು, ಆದರೆ ಸುಳ್ಳಿನ ಸಹವಾಸ ನನಗೆ ಸಾಕಾಗಿದೆ. ಫೋನ್ ಮಾಡೋಣವೆಂದು ಮೂರು ಸಲ ಕೈಗೆತ್ತಿಕೊಂಡೆ. ನೀನು "ಹಲೋ" ಅನ್ನುವುದು ಥೇಟ್ ಅಜ್ಜಿಯ ಹಾಗೆ. ಅದನ್ನು ಕೇಳಿದ ಮೇಲೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಮರಣೆಯ ಆರಾಧನೆಯ ದಿನ ಹಂಚಲು ನೀನು ಬರೆದುಕೊಟ್ಟ ಅಜ್ಜಿಯ ಜೀವನಚರಿತ್ರೆ ಬಹಳ ಚೆನ್ನಾಗಿದೆ. ಹೆಡ್‌ಮಿಸ್ಟ್ರೆಸ್ ಬರೆದದ್ದಲ್ಲವೇ, ಒಂದು ಅಲ್ಪವಿರಾಮ ಕೂಡ ಆಚೀಚೆ ಆಗಿಲ್ಲ. ನೀನು ಖಾಲಿ ಬಿಟ್ಟಿದ್ದ ತಾರೀಖುಗಳನ್ನೆಲ್ಲ ತುಂಬಿದ್ದೇನೆ. ಆದರೆ ಕೊನೆಯ ಸಾಲಿಗೆ ಬಂದು ನಿಂತುಬಿಟ್ಟಿದ್ದೇನೆ. "ಎಂಬತ್ತೆಂಟರ ವಯಸ್ಸಿನಲ್ಲಿಯೂ, ತಾವು ಚರ್ಚಿಗೆ ಹೋದ ಕೊನೆಯ ಭಾನುವಾರದವರೆಗೂ, ತಮ್ಮ ಕೈಗಳಿಂದ ಸಭೆಯನ್ನು ಹಾಡಿಸಿದರು" ಎಂದು ಬರೆದಿದ್ದೀಯ. ಚಿಕ್ಕಮ್ಮ, ಅದು ನಿಜವಲ್ಲ. ನಿಜವಲ್ಲವೆಂದು ಗೊತ್ತಿರುವವರು ಮೂವರು, ಅದರಲ್ಲಿ ನಾನೊಬ್ಬಳು. ಅಜ್ಜಿಗೂ ಅದು ಗೊತ್ತಾಗಿತ್ತೋ ಇಲ್ಲವೋ ಎನ್ನುವುದೇ ಒಂದೂವರೆ ತಿಂಗಳಿನಿಂದ ನನ್ನ ತಲೆ ತಿನ್ನುತ್ತಿದೆ.

ಮುದ್ರಣಾಲಯದವನಿಗೆ ಮಂಗಳವಾರದೊಳಗೆ ಪ್ರತಿ ಬೇಕಂತೆ. ಪಾದ್ರಿಗಳು ನನಗೆ ಹತ್ತು ನಿಮಿಷ ಮಾತಾಡು ಅಂದಿದ್ದಾರೆ. ಸಾಲದು ಅಂತ ಅಜ್ಜಿಯ ಆರ್ಗನ್ನಿನ ಬೆಂಚಿನ ಮೇಲೆ ಕೂತು ಐದು ಹಾಡು ನಾನೇ ನುಡಿಸಬೇಕಂತೆ. ಕೆಲಸದ ಮೇಲೆ ಗಮನವೇ ಇಲ್ಲ. ಮೊನ್ನೆ ಒಬ್ಬ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿ ಕೊಟ್ಟುಬಿಟ್ಟೆ. ಪಾಪ, ಅವರು ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಗೋಡೆ ಹಿಡಿದುಕೊಂಡು ವಾಪಸು ಬಂದರು.

ಮಾತಾಡಲು ವಿಷಯವಿಲ್ಲವೆಂದಲ್ಲ. ಹತ್ತು ನಿಮಿಷವಲ್ಲ, ಹತ್ತು ಗಂಟೆ ಬೇಕಾದರೂ ಮಾತಾಡುತ್ತೇನೆ. ಅವಳು ಇಪ್ಪತ್ತೆರಡರಲ್ಲಿ ಮೊದಲ ಸಲ ಆ ಬೆಂಚು ಹತ್ತಿದ್ದು ನಿನಗೂ ಗೊತ್ತು. ನುಡಿಸುತ್ತಿದ್ದ ಮೇಷ್ಟ್ರಿಗೆ ಶನಿವಾರ ಲಕ್ವ ಹೊಡೆದು ಕೈ ಬಿದ್ದುಹೋಯಿತು, ಇವಳಿಗೆ ಬರುತ್ತಿದ್ದದ್ದು ಮೂರೇ ಹಾಡು. ಆ ಭಾನುವಾರ ಸಭೆ ಆ ಮೂರನ್ನೇ ತಿರುವಿ ತಿರುವಿ ಹಾಡಿತಂತೆ. "ಯಾರೂ ಗೊಣಗಲಿಲ್ಲ, ಮೂರನೇ ಸಲಕ್ಕೆ ಎಲ್ಲರಿಗೂ ಬಾಯಿಪಾಠ ಆಗಿತ್ತು" ಎಂದು ಹೇಳಿಕೊಂಡು ನಗುತ್ತಿದ್ದಳು. ವಾರವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಊರಿನವರ ಮಾತು ಜೋಡಿಸುವುದು, ಭಾನುವಾರ ಅದೇ ಊರಿನವರನ್ನು ಹಾಡಿಸುವುದು. ಆ ಕೆಲಸ ಮುಗಿದ ಮೇಲೂ ಬೆಂಚು ಬಿಡಲಿಲ್ಲ, ಒಟ್ಟು ಅರವತ್ತಾರು ವರ್ಷ. ತಾತ ಹಿಂದಿನ ಬೆಂಚಿನಲ್ಲಿ ಕೂತು ಪಾದ್ರಿಗಳ ಪ್ರಸಂಗದ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರಂತೆ. ಅವರನ್ನು ಎಬ್ಬಿಸಲೆಂದೇ ಅಜ್ಜಿ ಕೊನೆಯ ಹಾಡಿಗೆ ಎಲ್ಲಕ್ಕಿಂತ ಗಟ್ಟಿ ದನಿಯ ಗುಂಡಿ ಎಳೆಯುತ್ತಿದ್ದಳು. ಜನ ಅದನ್ನು ಭಕ್ತಿ ಅಂದುಕೊಂಡಿದ್ದರು.

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಚರ್ಚಿನಲ್ಲಿ ಶವಪೆಟ್ಟಿಗೆ ಕೆಳಗಿತ್ತು, ನೀನು ಅದರ ಪಕ್ಕದಲ್ಲಿ ಕುಸಿದು ಕೂತಿದ್ದೆ. ಅಜ್ಜಿ ನನ್ನನ್ನು ಬೆಂಚಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಳು. ಹೆತ್ತ ಮಗಳ ಮಣ್ಣಿಗೆ ತಾನೇ ನುಡಿಸಿದಳು, ಒಂದು ಚರಣವನ್ನೂ ಬಿಡಲಿಲ್ಲ. "ನೀನು ಯಾಕೆ ಅಳಲ್ಲ ಅಜ್ಜಿ?" ಎಂದು ನಾನು ಕೇಳಿದ್ದಕ್ಕೆ, "ಕಣ್ಣಲ್ಲಿ ನೀರು ಬಂದ್ರೆ ಪುಸ್ತಕ ಕಾಣಲ್ಲ ಕಂದ. ನಾನು ತಪ್ಪಿದ್ರೆ ಇಷ್ಟು ಜನ ತಪ್ಪುತ್ತಾರೆ. ಪುಟ ತಿರುಗಿಸು" ಅಂದಳು. ಆವತ್ತಿನಿಂದ ಮೂವತ್ತೆರಡು ವರ್ಷ ನಾನೇ ಪುಟ ತಿರುಗಿಸಿದೆ, ನಾನೇ ಗುಂಡಿ ಎಳೆದೆ. ನುಡಿಸುವುದನ್ನೂ ಅವಳೇ ಕಲಿಸಿದಳು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದೇ ಮಾತು: "ಜನ ಉಸಿರು ತಗೊಳ್ಳೋ ಕಡೆ ಕೈ ಎತ್ತು. ಇಲ್ಲಾಂದ್ರೆ ಅದು ಹಾಡಲ್ಲ, ಓಟ."

ಕಿವಿ ಹೋದ ಮೇಲೆ ಅವಳಿಗೆ ಆ ಉಸಿರೇ ಕೇಳಿಸದಾಯಿತು. ನೀನು ಬಂದಾಗೆಲ್ಲ "ಸ್ವಲ್ಪ ಮಂದ ಆಗಿದೆ ಅಷ್ಟೇ" ಎನ್ನುತ್ತಿದ್ದಳು. ಸ್ವಲ್ಪವೇನೂ ಅಲ್ಲ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯ ಹತ್ತಿರ ಬಾಯಿ ಇಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಚರ್ಚಿನಲ್ಲಿ ಅವಳು ಬೆಂಚಿನ ಅದುರುವಿಕೆ ಹಿಡಿದು ನುಡಿಸುತ್ತಿದ್ದಳು. ದೊಡ್ಡ ಕೊಳವೆಗಳು ಕೂಗಿದರೆ ಆ ಹಳೇ ಬೆಂಚು ಅದುರುತ್ತದೆ. ಅವಳ ಬೆರಳು ಒಂದೂ ತಪ್ಪುತ್ತಿರಲಿಲ್ಲ. ಆದರೆ ಜನ ಎರಡನೇ ಸಾಲಿನಲ್ಲಿದ್ದರೆ ಅವಳು ಮೂರನೆಯದಕ್ಕೆ ಹೋಗಿರುತ್ತಿದ್ದಳು. ವಯಸ್ಸಾದವರು ಹಾಡುವುದನ್ನೇ ಬಿಟ್ಟು ಪುಸ್ತಕ ಮುಚ್ಚಿ ಕೂತರು. ಹಿಂದಿನ ಬೆಂಚಿನಲ್ಲಿ ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಎದ್ದು ಹೋಗಿ ಅವರ ಕಿವಿ ಹಿಂಡುವಷ್ಟು ಸಿಟ್ಟು ಬಂತು. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತೇ ಇದೆ.

ಚರ್ಚಿನ ಹಾಡುವ ತಂಡದ ಮುಖ್ಯಸ್ಥ, ಅದೇ ನಮ್ಮ ಕ್ಷೌರದಂಗಡಿಯವನು, ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ತಡೆದ. "ನೋಡಮ್ಮ, ಅಜ್ಜಿ ಅಂದ್ರೆ ನನಗೂ ಜೀವ. ಆದ್ರೆ ಹಿಂಗೇ ಆದ್ರೆ ಸಭೆ ಹಾಡೋದನ್ನೇ ಮರೆತುಬಿಡುತ್ತೆ. ನೀನು ಹೇಳ್ತೀಯೋ, ನಾನು ಹೇಳ್ಲೋ?" ಅಂದ. ಪಾದ್ರಿಗಳು ಪಕ್ಕದಲ್ಲೇ ನಿಂತು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಯಾರೂ ಹೇಳುವುದು ಬೇಡ, ನಾನು ನೋಡಿಕೊಳ್ಳುತ್ತೇನೆ ಎಂದೆ. ದೊಡ್ಡ ಜಾಣೆ ನಾನು!

ನಾನು ಮಾಡಿದ್ದು ಇದು. ನಮ್ಮ ಆರ್ಗನ್ನಿನಲ್ಲಿ ಕೀಲಿಗಳು ಮೇಲೊಂದು ಕೆಳಗೊಂದು ಎರಡು ಸಾಲು, ಪ್ರತಿ ಸಾಲಿಗೂ ಬೇರೆ ಬೇರೆ ಮರದ ಗುಂಡಿಗಳು. ಗುಂಡಿಯನ್ನು ಹೊರಗೆಳೆದರೆ ಮಾತ್ರ ಆ ಸಾಲಿನ ಕೊಳವೆಗಳಿಗೆ ಗಾಳಿ ಹೋಗುತ್ತದೆ. ಎಲ್ಲ ಒಳಗಿದ್ದರೆ ಕೀಲಿ ಒತ್ತಬಹುದು, ದನಿ ಬರುವುದಿಲ್ಲ. ಅಜ್ಜಿ ಮೇಲಿನ ಸಾಲು ನುಡಿಸುತ್ತಿದ್ದಳು. ಇಬ್ಬರೂ ಒಟ್ಟಿಗೆ ನುಡಿಸೋಣ, ನಾನು ಕೆಳಗಿನ ಸಾಲಿನಲ್ಲಿ ಜೊತೆ ಕೊಡುತ್ತೇನೆ ಎಂದು ಅವಳ ಬಲಗಿವಿಯಲ್ಲಿ ಕೂಗಿದೆ. ಅವಳ ಮುಖ ಅರಳಿಹೋಯಿತು ಚಿಕ್ಕಮ್ಮ. "ಈಗಲಾದ್ರೂ ಧೈರ್ಯ ಬಂತಲ್ಲ ನಿನಗೆ!" ಅಂದಳು. ಗುಂಡಿಗಳ ಜವಾಬ್ದಾರಿ ಮೂವತ್ತೆರಡು ವರ್ಷದಿಂದ ನನ್ನದು, ಅವಳು ಆ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ. ನಾನು ಕೆಳಗಿನ ಸಾಲಿನ ಗುಂಡಿಗಳನ್ನು ಎಳೆದೆ. ಮೇಲಿನ ಸಾಲಿನವನ್ನು ಮುಟ್ಟಲಿಲ್ಲ.

ಎಂಟು ತಿಂಗಳು, ಮೂವತ್ತನಾಲ್ಕು ಭಾನುವಾರ. ಸಭೆ ಹಾಡಿದ್ದು ನನ್ನ ಕೈಗೆ. ಅಜ್ಜಿ ಪಕ್ಕದಲ್ಲಿ ಕೂತು, ಮೈಯೆಲ್ಲ ಬೆರಳಿಗೆ ಬಂದವಳ ಹಾಗೆ ದನಿಯಿಲ್ಲದ ಕೀಲಿಗಳನ್ನು ನುಡಿಸುತ್ತಿದ್ದಳು. ಬೆಂಚು ಅದುರುತ್ತಿತ್ತಲ್ಲ, ಅದು ತನ್ನದೂ ಹೌದು ಅಂದುಕೊಂಡಿದ್ದಳು. ಮಧ್ಯೆ ಮಧ್ಯೆ ನನ್ನ ಪಕ್ಕೆಗೆ ತಿವಿದು, "ಏಯ್, ಹಿಂದೆ ಬೀಳ್ತೀಯ. ಬೆಂಚು ಹೇಳ್ತಿದೆ ನನಗೆ" ಎಂದು ಗದರಿಸುತ್ತಿದ್ದಳು. ನಾನು ಹಿಂದೆ ಬಿದ್ದಿರಲಿಲ್ಲ. ಜನರ ಜೊತೆ ಇದ್ದೆ. ಅವಳು ಕಲಿಸಿದಂತೆಯೇ ಉಸಿರಿನ ಕಡೆ ಕೈ ಎತ್ತುತ್ತಿದ್ದೆ. ಆಚೆ ಬಂದ ಮೇಲೆ ಜನ ಅವಳ ಕೈ ಹಿಡಿದು, "ಅಜ್ಜಿ, ಎಷ್ಟು ಚೆನ್ನಾಗಿ ನುಡಿಸಿದ್ರಿ, ಮತ್ತೆ ಮೊದಲಿನ ಹಾಗೆ ಆಗಿದೆ" ಎನ್ನುತ್ತಿದ್ದರು. ಅವಳು ನನ್ನನ್ನು ತೋರಿಸಿ, "ಇವಳೂ ಇದ್ದಳು" ಎನ್ನುತ್ತಿದ್ದಳು. ನನಗೆ ಅಲ್ಲೇ ನೆಲ ಬಾಯಿ ತೆರೆಯಬಾರದೇ ಅನ್ನಿಸುತ್ತಿತ್ತು.

ನಿನಗೆ ಇಷ್ಟು ಹೊತ್ತಿಗೆ ಕೋಪ ಬಂದಿರುತ್ತದೆ. ಬರಲಿ. ನಿನ್ನ ಅಮ್ಮನನ್ನು ನನ್ನ ಕೈಗೆ ಒಪ್ಪಿಸಿ ಹೋಗಿದ್ದೆ ನೀನು. ಆಗಲೇ ನಿನಗೊಂದು ಮಾತು ಬರೆದು ಕೇಳಬಹುದಿತ್ತು. ಕೇಳಿದರೆ ನೀನು ಬೇಡ ಎನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಆ ಕೊನೆಯ ಭಾನುವಾರ ಆಗಿದ್ದನ್ನು ಹೇಳುತ್ತೇನೆ. ಮುಗಿಸುವ ಹಾಡಿಗೆ ಐದು ಚರಣ. ಪ್ರಸಂಗ ಉದ್ದವಾಗಿ ಹೊತ್ತು ಮೀರಿತ್ತು. ನಾಲ್ಕನೆಯದು ಮುಗಿಯುವಾಗ ಪಾದ್ರಿಗಳು ಸಾಕು ಎಂದು ಕೈ ಮಾಡಿದರು. ನಾನು ನೋಡಿದೆ, ನಿಲ್ಲಿಸಿದೆ. ಅಜ್ಜಿ ಪುಸ್ತಕ ನೋಡುತ್ತಿದ್ದಳು, ಐದನೆಯದಕ್ಕೆ ಹೋಗಿಬಿಟ್ಟಳು. ಜನ ಆಗಲೇ ಎದ್ದು ಮಾತಾಡುತ್ತಾ ಹೊರಡುತ್ತಿದ್ದರು. ಇವಳು ನುಡಿಸುತ್ತಲೇ ಇದ್ದಾಳೆ, ದನಿ ಇಲ್ಲ, ಬೆಂಚು ಅಲ್ಲಾಡುತ್ತಿಲ್ಲ. ನನ್ನ ಕೈಯಳತೆಯಲ್ಲೇ ಗುಂಡಿಗಳಿದ್ದವು. ಎರಡು ಎಳೆದಿದ್ದರೆ ಸಾಕಿತ್ತು, ಆ ಒಂದು ಚರಣವಾದರೂ ಅವಳದಾಗುತ್ತಿತ್ತು. ಜನ ತಿರುಗಿ ನೋಡುತ್ತಾರೆ, ನಗುತ್ತಾರೆ ಎಂದು ಹೆದರಿಕೆಯಾಯಿತು. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ.

ಅರ್ಧ ಚರಣವಾದ ಮೇಲೆ ಅವಳು ನಿಧಾನ ಮಾಡಿದಳು. ಎಡಗೈ ತೆಗೆದು ಬೆಂಚಿನ ಮೇಲೆ ಅಂಗೈ ಊರಿದಳು. ಬಲಗೈಯಲ್ಲಿ ಒಂದೇ ಕೀಲಿಯನ್ನು ಒತ್ತಿ ಹಿಡಿದಳು. ಆಮೇಲೆ ತಲೆ ಎತ್ತಿ ತನ್ನ ಕಡೆಯ ಗುಂಡಿಗಳನ್ನು ನೋಡಿದಳು. ಎಲ್ಲವೂ ಒಳಗಿದ್ದವು. ಮುಚ್ಚಳ ಹಾಕಿ, ನುಡಿಸುವಾಗ ಮಾತ್ರ ಹಾಕುವ ತೆಳು ಬೂಟು ಬಿಚ್ಚಿ, ಬೀದಿಯ ಬೂಟು ಹಾಕಿಕೊಂಡಳು.

ಬೀದಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತು ಕೇಳಿದಳು: "ಗುಂಡಿ ಯಾಕೆ ಒಳಗಿದ್ದವು?"

ಕಿವಿ ಕೇಳದವರಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ಗೊತ್ತೇ? ಪಿಸುಗುಟ್ಟಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಕೂಗಬೇಕು. "ಅಂಟಿಕೊಂಡಿದ್ದವು ಅಜ್ಜಿ, ಎಳೆದರೂ ಬರಲಿಲ್ಲ, ಇವತ್ತೊಂದೇ ದಿನ!" ಎಂದು ನಡುಬೀದಿಯಲ್ಲಿ ಕೂಗಿದೆ. "ಏನು?" ಅಂದಳು. ಮತ್ತೆ ಕೂಗಿದೆ. ಮತ್ತೆ "ಏನು?" ಅಂದಳು. ಮೂರನೇ ಸಲಕ್ಕೆ ಔಷಧಿ ಅಂಗಡಿಯವನಿಗೂ ಬಾಯಿಪಾಠವಾಗಿತ್ತು. ಅವಳು ನನ್ನ ಮುಖವನ್ನೇ ನೋಡಿ, "ಹಾಗಾದ್ರೆ ರಿಪೇರಿಯವನಿಗೆ ಹೇಳಬೇಕು" ಅಂದಳು.

ಹೇಳಿಯೂಬಿಟ್ಟಳು. ಮಂಗಳವಾರ ಪಕ್ಕದ ಮನೆಯವರ ಕೈಲಿ ಫೋನ್ ಮಾಡಿಸಿ ಆರ್ಗನ್ ರಿಪೇರಿಯ ಮುದುಕನನ್ನು ಕರೆಸಿದಳು. ನಾವೆಲ್ಲ ಎಣ್ಣೆಡಬ್ಬಿ ಅಂತ ಕರೆಯುತ್ತೇವಲ್ಲ, ಅವನೇ. ತಾನೂ ಅವನ ಜೊತೆ ಚರ್ಚಿಗೆ ಹೋದಳಂತೆ. ನಾನು ಅಂಗಡಿಯಲ್ಲಿ ಚಡಪಡಿಸುತ್ತಿದ್ದೆ. ಗುಂಡಿ ಸರಿಯಾಗೇ ಇದೆ ಎಂದು ಅವನು ಹೇಳಿದರೆ ನನ್ನ ಕಥೆ ಮುಗಿಯಿತು. ಸಂಜೆ ಓಡಿಹೋಗಿ ಅವನ ಶೆಡ್ಡಿನಲ್ಲಿ ಹಿಡಿದೆ. ಅವನು ತಲೆ ಕೂಡ ಎತ್ತದೆ, "ಹ್ಞೂಂ, ಅಂಟಿಕೊಂಡಿತ್ತು. ಸರಿ ಮಾಡಿದೀನಿ. ಹೋಗು" ಅಂದ.

ಅಂಟಿಕೊಂಡಿರಲಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುದುಕ ಕೆಲಸಗಳ್ಳ, ನೋಡದೆಯೇ ಸರಿಮಾಡಿದೆ ಎಂದು ಬುರುಡೆ ಬಿಟ್ಟಿದ್ದಾನೆ ಅಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಬೀಸೋ ದೊಣ್ಣೆ ತಪ್ಪಿತು ಎಂದು ಮನೆಗೆ ಬಂದು ಎರಡು ಲೋಟ ಚಹಾ ಕುಡಿದೆ.

ಮುಂದಿನ ಭಾನುವಾರ ಅಜ್ಜಿ ಮಂಡಿನೋವು ಎಂದಳು, ಚರ್ಚಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅರವತ್ತಾರು ವರ್ಷದಲ್ಲಿ ಅವಳು ಮಂಡಿನೋವಿಗೆ ಚರ್ಚು ತಪ್ಪಿಸಿದ್ದೇ ಇಲ್ಲ. ಆದರೂ ನಾನು ನಂಬಿದೆ. ನಂಬುವುದು ನನಗೆ ಸುಲಭವಾಗಿತ್ತು. ಆ ವಾರ ಶುಕ್ರವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋದಳು. ಆಮೇಲಿನದೆಲ್ಲ ನೀನೇ ನೋಡಿದ್ದೀಯ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು, ಆ ವಯಸ್ಸಿಗೆ ಸಹಜ ಅಂದರು. ನನ್ನ ಮನಸ್ಸು ಅದನ್ನು ಒಪ್ಪುತ್ತಿಲ್ಲ.

ಈಗ ನೀನೇ ಹೇಳು, ಆ ಸಾಲನ್ನು ಏನು ಮಾಡಲಿ? ಹಾಗೇ ಬಿಟ್ಟರೆ ಅಚ್ಚಾದ ಸುಳ್ಳಾಗುತ್ತದೆ. ತೆಗೆದರೆ ಯಾಕೆ ಎಂದು ಜನ ಕೇಳುತ್ತಾರೆ. ನಿಜ ಹೇಳಿಬಿಟ್ಟರೆ, ಎಂಟು ತಿಂಗಳು ಅಜ್ಜಿಯನ್ನು ಗೊಂಬೆ ಮಾಡಿ ಕೂರಿಸಿದ್ದರು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳುವುದು ನನ್ನನ್ನಾದರೆ ಆಡಿಕೊಳ್ಳಲಿ, ಅವಳನ್ನು ಬೇಡ. ಅವಳು ನನ್ನ ಮಾತು ನಂಬಿಕೊಂಡೇ ಹೋದಳು ಅಂತ ಯಾರಾದರೂ ಹೇಳಿದರೆ ಸಾಕು, ನಾನು ಹೇಗೋ ಆ ಬೆಂಚು ಹತ್ತುತ್ತೇನೆ. ವಿಷಯ ಗೊತ್ತಿರುವ ಪಾದ್ರಿಗಳೂ ಕ್ಷೌರದಂಗಡಿಯವನೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ, ಎಷ್ಟು ದಿನವೋ ಗೊತ್ತಿಲ್ಲ. ಬೇಗ ಉತ್ತರ ಬರೆ. ಬೈದೇ ಬರೆ, ಪರವಾಗಿಲ್ಲ, ಸುಮ್ಮನಿರಬೇಡ.

ಚಿಕ್ಕಪ್ಪನಿಗೆ ಬೀರು ಮುಟ್ಟಬಾರದೆಂದು ನಾನು ಹೇಳಿದೆ ಎಂದು ಹೇಳು. ನಿಮ್ಮಿಬ್ಬರನ್ನೂ ದೇವರು ಸುಖವಾಗಿ ಇಟ್ಟಿರಲಿ. ಪ್ರಾರ್ಥನೆಯಲ್ಲಿ ನನಗಾಗಿಯೂ ಒಂದು ಮಾತು ಕೇಳಿಕೋ.

ನಿನ್ನ ಅಕ್ಕನ ಮಗಳು

ತಾ.ಕ.: ಗುರುವಾರ ಬೆಳಿಗ್ಗೆ. ನಿನ್ನೆ ಲಕೋಟೆ ಅಂಟಿಸಿದ್ದೆ, ಈಗ ಹರಿದು ಬರೆಯುತ್ತಿದ್ದೇನೆ. ಅಭ್ಯಾಸಕ್ಕೆಂದು ಏಳು ಗಂಟೆಗೆ ಚರ್ಚಿಗೆ ಹೋದರೆ ಎಣ್ಣೆಡಬ್ಬಿ ಅಲ್ಲಿದ್ದ, ಆರಾಧನೆಗೆ ಮುಂಚೆ ಕೊಳವೆ ನೋಡಿಹೋಗಲು ಬಂದಿದ್ದ. ನನಗೆ ತಡೆಯಲಾಗಲಿಲ್ಲ. "ಅಂಟಿಕೊಳ್ಳದ ಗುಂಡಿ ಹೇಗಪ್ಪಾ ಸರಿ ಮಾಡಿದೆ ನೀನು?" ಎಂದು ಜಗಳಕ್ಕೇ ನಿಂತೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ.

ಆ ಮಂಗಳವಾರ ಅಜ್ಜಿ ತಾನೇ ಒಂದೊಂದಾಗಿ ಗುಂಡಿ ಎಳೆದು ನೋಡಿದಳಂತೆ. ಎಲ್ಲವೂ ಸಲೀಸಾಗಿ ಬಂದವಂತೆ. ಮತ್ತೆ ಒಂದೊಂದನ್ನೂ ತಾನೇ ಒಳಗೆ ತಳ್ಳಿದಳಂತೆ. ಆಮೇಲೆ ಅವನಿಗೆ ಹೇಳಿದ್ದು ಇಷ್ಟು: "ಸಂಜೆ ನನ್ನ ಮೊಮ್ಮಗಳು ಓಡಿಬರ್ತಾಳೆ, ನೋಡ್ತಾ ಇರು. ಅಂಟಿಕೊಂಡಿತ್ತು ಅಂದುಬಿಡು. ನಿನ್ನ ಬಾಯಿಂದ ಅವಳ ಮಾತು ಸುಳ್ಳಾಗೋದು ಬೇಡ. ಅವಳಾಗೇ ಬಂದು ನನ್ನ ಹತ್ರ ಹೇಳ್ತಾಳೆ. ನಾನು ಕಾಯ್ತೀನಿ."

ಜೀವನಚರಿತ್ರೆಯ ಆ ಕೊನೆಯ ಸಾಲು ನೀನೇ ತೆಗೆದುಬಿಡು, ನನ್ನಿಂದ ಆಗುವುದಿಲ್ಲ. ಆ ಮಂಗಳವಾರದಿಂದ ಅವಳು ಹೋಗುವ ಹಿಂದಿನ ದಿನದವರೆಗೆ ಲೆಕ್ಕ ಹಾಕಿದೆ, ಹದಿನೇಳು ಸಂಜೆ. ಅಷ್ಟು ಸಂಜೆಯೂ ನಾನು ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡು, ಬಲಗಿವಿಯನ್ನು ನಾನು ಕೂರುವ ಜಾಗದ ಕಡೆಗೆ ಮಾಡಿ ಕೂತಿರುತ್ತಿದ್ದಳು. ಕಿಟಕಿಯ ಗಾಳಿ ತಡೆಯಲಾರದೆ ಹಾಗೆ ತಿರುಗಿದ್ದಾಳೆ ಅಂದುಕೊಂಡೆ ಚಿಕ್ಕಮ್ಮ. ದಿನಾ ಕಿಟಕಿ ಮುಚ್ಚಿ, ಅವಳಿಗೆ ಶಾಲು ಹೊದಿಸಿ, ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.